ಆಕ್ಸೊಲಾಟ್ಲ್ ತೊಟ್ಟಿಗೆ ಜಲ್ಲಿಕಲ್ಲು ಬೇಡವೇ ಬೇಡ

ಮಾನ್ಯ ಸಂಪಾದಕರೇ,

ಬದುಕೆಲ್ಲ ನೀರಿನಲ್ಲೇ ಕಳೆಯುವ ಆಕ್ಸೊಲಾಟ್ಲ್ ಎಂಬ ಉಭಯಚರವನ್ನು ಸಾಕಲು ಹೊರಟವರು ಗಾಜಿನ ತೊಟ್ಟಿಯ ಜೊತೆಗೆ ಒಂದು ಚೀಲ ಬಣ್ಣದ ಜಲ್ಲಿಯನ್ನೂ ಕೊಂಡು ತರುವುದು ರೂಢಿ. ಮೀನಿನ ತೊಟ್ಟಿಗೆ ನಡೆಯುವ ಈ ಜಲ್ಲಿ ಆಕ್ಸೊಲಾಟ್ಲ್‌ನ ಪ್ರಾಣಕ್ಕೇ ಎರವಾಗಬಹುದು.

ಈ ಪ್ರಾಣಿ ಆಹಾರವನ್ನು ಕಚ್ಚಿ ತಿನ್ನುವುದಿಲ್ಲ. ತಟ್ಟನೆ ಬಾಯಿ ತೆರೆದು ನೀರಿನ ಸಮೇತ ಒಳಗೆ ಸೆಳೆದುಕೊಳ್ಳುತ್ತದೆ. ಎರೆಹುಳುವಿನ ಪಕ್ಕ ಬಿದ್ದಿದ್ದ ಕಲ್ಲೂ ಜೊತೆಯಲ್ಲೇ ಹೊಟ್ಟೆ ಸೇರುತ್ತದೆ. ಅದು ಕರುಳಲ್ಲಿ ಸಿಕ್ಕಿಕೊಂಡರೆ ಪ್ರಾಣಿ ಮೇವು ಬಿಡುತ್ತದೆ, ಮಲ ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ. ಇದರ ತವರಾದ ಮೆಕ್ಸಿಕೊದ ಸೋಚಿಮಿಲ್ಕೊ ಕಾಲುವೆಗಳ ತಳದಲ್ಲಿರುವುದು ನುಣುಪಾದ ಕೆಸರು. ಕಲ್ಲನ್ನು ಬೇರ್ಪಡಿಸಿ ತಿನ್ನುವ ಅಭ್ಯಾಸ ಇದಕ್ಕಿಲ್ಲ. ಆದ್ದರಿಂದ ಒಂದೇ ನಿಯಮ ಸಾಕು: ಮರಳಿಗಿಂತ ದಪ್ಪ, ಪ್ರಾಣಿಯ ತಲೆಗಿಂತ ಚಿಕ್ಕದು ಎನ್ನುವ ಯಾವ ವಸ್ತುವೂ ತೊಟ್ಟಿಯಲ್ಲಿ ಇರಬಾರದು. ಗಿಡಗಳಿಗೆಂದು ಮಾರುವ ಆಕ್ವಾ ಸಾಯಿಲ್ ಉಂಡೆಗಳು, ಬಸವನಹುಳು, ಸಣ್ಣ ಪಾಚಿಯುಂಡೆ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಆಕ್ವಾ ಸಾಯಿಲ್‌ನಲ್ಲಿ ಇನ್ನೊಂದು ತೊಂದರೆ ಉಂಟು: ಹೊಸದರಲ್ಲಿ ಅದು ನೀರಿಗೆ ಪ್ರಾಣಿಗೆ ವಿಷವಾದ ಅಮೋನಿಯಾ ಬಿಡುತ್ತದೆ.

15 ಸೆಂಟಿಮೀಟರ್ ಉದ್ದ ಬೆಳೆಯುವವರೆಗೆ ತಳ ಬರಿಗಾಜೇ ಇರಲಿ. ದೊಡ್ಡದಾದ ಮೇಲೆ ಬರಿಗಾಜಿನಲ್ಲಿ ಕಾಲು ಜಾರುತ್ತದೆ, ಹಿಡಿತ ಸಿಗುವುದಿಲ್ಲ. ಆಗ 1 ಮಿಲಿಮೀಟರ್ ಜರಡಿಯಲ್ಲಿ ಇಳಿಯುವ, ಅಂಚು ಮೊಂಡಾದ, ಬಣ್ಣ ಹಚ್ಚದ ಮರಳು ಒಳ್ಳೆಯದು. ಸರೀಸೃಪಗಳಿಗೆಂದು ಮಾರುವ ಕ್ಯಾಲ್ಸಿಯಂ ಮರಳು ಬೇಡ. ಬಕೆಟ್ಟಿನಲ್ಲಿ ಹಾಕಿ, ಮೇಲಿನ ನೀರು ತಿಳಿಯಾಗುವವರೆಗೂ ತೊಳೆಯಿರಿ. ಎರಡರಿಂದ ಮೂರು ಸೆಂಟಿಮೀಟರ್ ಹರವಿದರೆ ಸಾಕು. ಅದಕ್ಕಿಂತ ಆಳವಾದರೆ ಅಡಿಯಲ್ಲಿ ಆಮ್ಲಜನಕ ಹೋಗಿ ಕಪ್ಪು ಕಲೆಗಳಾಗುತ್ತವೆ; ಕೆದಕಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ವಿಷಾನಿಲ. ವಾರಕ್ಕೊಮ್ಮೆ ಬೆರಳಿನಿಂದ ಮೆಲ್ಲಗೆ ಕದಡುತ್ತಿದ್ದರೆ ಹೀಗಾಗದು. ಮರಳು ಇಷ್ಟವಿಲ್ಲದವರು ಮೆರುಗಿಲ್ಲದ, ಅಂಚು ಉಜ್ಜಿದ ಸ್ಲೇಟ್ ಕಲ್ಲಿನ ಬಿಲ್ಲೆಗಳನ್ನು ಹಾಸಬಹುದು, ಆದರೆ ಸಂದುಗಳಲ್ಲಿ ಹೊಲಸು ಕೂರುತ್ತದೆ. ನನ್ನ ಮತ ಮರಳಿಗೇ.

ಗಿಡದ ಆಯ್ಕೆಯಲ್ಲಿ ನೀರಿನ ತಂಪೇ ಮೊದಲ ಮಾತು. ಆಕ್ಸೊಲಾಟ್ಲ್‌ಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಬೇಕು. ಕಣ್ಣಿಗೆ ರೆಪ್ಪೆ ಇಲ್ಲದ್ದರಿಂದ ಪ್ರಖರ ದೀಪ ಆಗದು. ಬಿಸಿನೀರು, ಜೋರು ಬೆಳಕು ಕೇಳುವ ಗಿಡಗಳೆಲ್ಲ ಇಲ್ಲಿಗೇ ಬಿಟ್ಟುಹೋದವು. ಉಳಿದವುಗಳಲ್ಲಿ ಅನುಬಿಯಾಸ್ ಮತ್ತು ಜಾವಾ ಫರ್ನ್ ಅತ್ಯಂತ ನಂಬಿಕಸ್ಥ. ಇವುಗಳ ಅಡ್ಡಕಾಂಡವನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ, ಹಲವರು ಎಡವುವುದೇ ಇಲ್ಲಿ. ಪ್ರಾಣಿಯ ತಲೆಗಿಂತ ದೊಡ್ಡ, ನುಣ್ಣನೆಯ ಕಲ್ಲಿಗೆ ಹತ್ತಿ ದಾರದಿಂದ ಕಟ್ಟಿ ಇಳಿಸಿ. ಬೇರು ತಾನೇ ಹಿಡಿದುಕೊಳ್ಳುತ್ತದೆ. ಜಾವಾ ಮಾಸ್ ಕೂಡ ಹಾಗೆಯೇ. ಮೇಲೆ ತೇಲುವ ಹಾರ್ನ್‌ವರ್ಟ್ ನೆರಳು ಕೊಡುತ್ತದೆ, ನೈಟ್ರೇಟ್ ಹೀರುತ್ತದೆ. ಬೆಳಕು ತೀರಾ ಕಡಿಮೆಯಾದರೆ ಸೂಜಿಯೆಲೆ ಉದುರಿಸಿ ಫಿಲ್ಟರ್ ಕಟ್ಟಿಸುತ್ತದೆ. ವ್ಯಾಲಿಸ್ನೇರಿಯಾ ಚೆಂದ, ಆದರೆ ಬೇರು ಬಿಡುವ ಮುಂಚೆಯೇ ಪ್ರಾಣಿ ನಡೆದಾಡಿ ಕಿತ್ತುಹಾಕುತ್ತದೆ. ಬುಡದ ಸುತ್ತ ದೊಡ್ಡ ಕಲ್ಲಿಟ್ಟು ನೆಡಬೇಕು. ಗಟ್ಟಿ ಅಂಚಿನ ಪ್ಲಾಸ್ಟಿಕ್ ಗಿಡ ಕಿವಿರಿನ ಎಳೆಗಳನ್ನು ಗೀರುತ್ತದೆ. ತಾಮ್ರವಿರುವ ಗೊಬ್ಬರ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಎರಡೂ ದೂರವಿರಲಿ.

ಹೊಸ ಗಿಡವನ್ನು ನೇರವಾಗಿ ಇಳಿಸಬೇಡಿ. ಬುಡದ ಸೀಸದ ಪಟ್ಟಿ, ನಾರಿನ ಉಂಡೆ ತೆಗೆದು, ಬಸವನಹುಳು ಮೊಟ್ಟೆಗಳಿವೆಯೇ ನೋಡಿ, ಮೂರು-ನಾಲ್ಕು ವಾರ ಬೇರೆ ಪಾತ್ರೆಯಲ್ಲಿಟ್ಟು ನೀರು ಬದಲಿಸುತ್ತಿರಿ.

ಗಿಡವಿದೆಯೆಂದು, ಹೊಲಸಿನಿಂದ ಬರುವ ಅಮೋನಿಯಾ ಮತ್ತು ಅದರಿಂದಾಗುವ ವಿಷಕಾರಿ ನೈಟ್ರೈಟನ್ನು ಕಡಿಮೆ ಹಾನಿಯ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಯಾಗುವ ಮೊದಲೇ ಪ್ರಾಣಿಯನ್ನು ಬಿಡುವಂತಿಲ್ಲ. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು.

ಈಗಾಗಲೇ ಜಲ್ಲಿ ಹಾಸಿರುವವರು ಅದನ್ನು ತೆಗೆಯುವುದನ್ನು ಮುಂದೂಡಬೇಡಿ. ಪ್ರಾಣಿಯನ್ನು ಕ್ಲೋರಿನ್ ತೆಗೆದ, ಅಷ್ಟೇ ತಂಪಿನ ನೀರಿನ ಟಬ್ಬಿಗೆ ಸಾಗಿಸಿ, ಜಲ್ಲಿಯನ್ನು ಪೂರ್ತಿ ತೆಗೆಯಿರಿ. ಜಲ್ಲಿಯ ಮೇಲೂ ಒಳ್ಳೆಯ ಬ್ಯಾಕ್ಟೀರಿಯಾ ಇರುವುದರಿಂದ ಅದೇ ವಾರ ಫಿಲ್ಟರ್ ತೊಳೆಯಬೇಡಿ. ಮುಂದಿನ ಏಳು ದಿನ ದಿನಕ್ಕೊಮ್ಮೆ ಅಮೋನಿಯಾ ಅಳೆದು, ಕಂಡ ದಿನ ಅರ್ಧದಷ್ಟು ನೀರು ಬದಲಿಸಿ.

ಇಂತಿ,
ಆಕ್ಸೊಲಾಟ್ಲ್ ಸಾಕಣೆಯಲ್ಲಿ ತೊಡಗಿರುವ ಓದುಗ