ಅವಳ ಉಗುರಿನ ಬಣ್ಣ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, ‘ಹುಡುಗಿಯರನ್ನು ಕೊಂದು ಚರ್ಮ ಸುಲಿಯುವವನ ಕಥೆ ನಿನಗೆ ಹೇಗಮ್ಮ ಇಷ್ಟ ಆಯ್ತು?’ ಅಂತ. ಅವಸರದಲ್ಲಿ ಹೇಳುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ನೋಡುತ್ತಾ ಹೆಣದ ಪರೀಕ್ಷೆ ಬಂದಾಗ ನಿಲ್ಲಿಸಿಬಿಟ್ಟೆ ಅಂದೆ. ನಿಲ್ಲಿಸಿದ್ದು ಒಳ್ಳೆಯದೇ. ನಿದ್ದೆ ಕೆಡಿಸಿಕೊಂಡು ನೋಡಲೇಬೇಕಾದ ಸಿನಿಮಾ ಯಾವುದೂ ಇಲ್ಲ. ಆದರೆ ನನಗೆ ಈ ಸಿನಿಮಾ ಹಿಡಿಸಿದ್ದೇ ಆ ದೃಶ್ಯದಿಂದ.

ವೆಸ್ಟ್ ವರ್ಜೀನಿಯಾದ ಒಂದು ಸಣ್ಣ ಊರು. ನದಿಯಲ್ಲಿ ಹೆಣ ಸಿಕ್ಕಿದೆ. ಕೋಣೆ ತುಂಬಾ ಗಂಡಸು ಪೊಲೀಸರು. ಕ್ಲಾರಿಸ್ ಇನ್ನೂ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ತರಬೇತಿಯಲ್ಲಿರುವ ಹುಡುಗಿ. ಹೆಣ್ಣಿನ ಎದುರು ಇದೆಲ್ಲ ಬೇಡ ಅಂತ ಅವಳ ಮೇಲಧಿಕಾರಿ ಕ್ರಾಫರ್ಡ್ ಅಲ್ಲಿನ ಪೊಲೀಸರ ಮುಖ್ಯಸ್ಥ ಶೆರಿಫ್‌ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗುತ್ತಾನೆ. ಉಳಿದವರೆಲ್ಲ ಅವಳನ್ನೇ ದಿಟ್ಟಿಸುತ್ತಾ ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ಅವಳೇ ಅವರಿಗೆ ಹೇಳುತ್ತಾಳೆ: ಈ ಹುಡುಗಿಯನ್ನು ಇಲ್ಲಿವರೆಗೆ ಜೋಪಾನವಾಗಿ ತಂದಿದ್ದೀರಿ, ಇವಳ ಮನೆಯವರು ಇದ್ದಿದ್ದರೆ ನಿಮ್ಮ ಉಪಕಾರ ನೆನೆಯುತ್ತಿದ್ದರು, ಇನ್ನು ನಾವು ನೋಡಿಕೊಳ್ಳುತ್ತೇವೆ, ಹೊರಗೆ ಹೋಗಿ. ಗದರುವುದಿಲ್ಲ, ಬೇಡಿಕೊಳ್ಳುವುದೂ ಇಲ್ಲ. ಅವರು ಹೋಗುತ್ತಾರೆ.

ಆಮೇಲೆ ಪರೀಕ್ಷೆ. ಕಿವಿಗೆ ಮೂರು ಮೂರು ಕಡೆ ಚುಚ್ಚಿಸಿಕೊಂಡಿದ್ದಾಳೆ, ಉಗುರಿಗೆ ಮಿನುಗುವ ನೇಲ್ ಪಾಲಿಶ್ ಇದೆ, ಇವಳು ಈ ಕಡೆಯವಳಲ್ಲ, ಪಟ್ಟಣದವಳು ಅಂತ ಕ್ಲಾರಿಸ್ ಹೇಳುತ್ತಾಳೆ. ಕೊಲೆಗಾರ ಏನು ಮಾಡಿದ ಅನ್ನುವುದರ ಜೊತೆಗೆ, ಅವನ ಕೈಗೆ ಸಿಗುವ ಮೊದಲು ಈ ಹುಡುಗಿ ಕನ್ನಡಿ ಮುಂದೆ ಕೂತು ಏನು ಮಾಡಿಕೊಂಡಿದ್ದಳು ಅನ್ನುವುದನ್ನೂ ಅವಳು ಕಾಣುತ್ತಾಳೆ. ನಾನು ಎಷ್ಟೋ ಕ್ರೈಮ್ ಥ್ರಿಲ್ಲರ್ ನೋಡಿದ್ದೇನೆ. ಹೆಚ್ಚಿನವುಗಳಲ್ಲಿ ಸತ್ತ ಹುಡುಗಿ ಕಥೆ ಶುರು ಮಾಡಲು ಬೇಕಾದ ಒಂದು ಹೆಣ ಮಾತ್ರ. ಅಂಥವು ನನಗೂ ಅಸಹ್ಯ, ಪುಟ್ಟಿ.

ನೀನು ನೋಡದ ಭಾಗದಲ್ಲೂ ಹೀಗೇ. ಮೊದಲು ಕೊಲೆಯಾದ ಫ್ರೆಡ್ರಿಕಾ ಬಿಮ್ಮೆಲ್‌ಳ ಕೋಣೆಗೆ ಕ್ಲಾರಿಸ್ ಒಬ್ಬಳೇ ಹೋಗುತ್ತಾಳೆ. ಅಲ್ಲಿನ ಬೀರುವಿನಲ್ಲಿರುವ ಅರೆಹೊಲಿಗೆಯ ಬಟ್ಟೆಯ ಮೇಲಿನ ತುಂಡುಗಳ ಆಕಾರವೂ ಹೆಣದ ಬೆನ್ನಿನ ಮೇಲೆ ಚರ್ಮ ಕತ್ತರಿಸಿದ್ದ ಆಕಾರವೂ ಒಂದೇ. ಕೊಲೆಗಾರನಿಗೆ ಹೊಲಿಗೆ ಗೊತ್ತು ಅಂತ ಅವಳಿಗೆ ಹೊಳೆಯುವುದು ಆ ಬೀರುವಿನ ಮುಂದೆ. ಜನ ಈ ಸಿನಿಮಾ ಅಂದರೆ ಆಂಥೊನಿ ಹಾಪ್ಕಿನ್ಸ್ ಮಾಡಿದ, ಸೆರೆಯಲ್ಲಿರುವ ನರಭಕ್ಷಕ ಮನೋವೈದ್ಯ ಡಾಕ್ಟರ್ ಲೆಕ್ಟರ್‌ನ ಮಾತನ್ನೇ ಆಡುತ್ತಾರೆ. ಅವನು ಪರದೆ ಮೇಲಿರುವುದು ಅರ್ಧ ಗಂಟೆಯೂ ಇಲ್ಲ. ನನಗೆ ಇದು ಕ್ಲಾರಿಸ್ ಆಗಿ ನಟಿಸಿದ ಜೋಡಿ ಫಾಸ್ಟರ್‌ಳ ಸಿನಿಮಾ.

ಇನ್ನೊಂದು ವಿಷಯ. ಮುಂದೆ ನೋಡಿದರೆ ಗಮನಿಸು, ಗಂಡಸರು ಕ್ಲಾರಿಸ್ ಜೊತೆ ಮಾತಾಡುವಾಗ ಜಾಸ್ತಿ ನೇರ ಕ್ಯಾಮೆರಾ ಒಳಗೇ ನೋಡುತ್ತಾರೆ. ಅವಳು ಮಾತ್ರ ಸ್ವಲ್ಪ ಪಕ್ಕಕ್ಕೆ ನೋಡುತ್ತಾಳೆ. ಅಂದರೆ ನಾವು ಅವಳ ಜಾಗದಲ್ಲಿ ನಿಂತಿರುತ್ತೇವೆ. ಥಾಮಸ್ ಹ್ಯಾರಿಸ್ 1988ರ ಕಾದಂಬರಿಯಲ್ಲಿ ಅವಳ ಮನಸ್ಸಿನೊಳಗಿನದ್ದನ್ನು ಬರೆದು ತಿಳಿಸಿದರೆ, 1991ರಲ್ಲಿ ನಿರ್ದೇಶಕ ಜೊನಾಥನ್ ಡೆಮ್ಮಿ ಅದನ್ನು ಹೀಗೆ ತೋರಿಸಿದ. ಬಸ್ಸಿನಲ್ಲಿ, ಆಫೀಸಿನಲ್ಲಿ ಮೈಮೇಲೆ ಬೀಳುವ ನೋಟ ನಿನಗೂ ಗೊತ್ತು, ನನಗೂ ಗೊತ್ತು. ಗಂಡಸರೂ ಎರಡು ಗಂಟೆ ಆ ನೋಟದ ಎದುರು ಕೂರಲಿ ಅಂತ ನನಗೆ ನಿಜವಾಗಿ ಅನಿಸಿತು. ಆ ಪರೀಕ್ಷೆ ಮುಗಿಸಿ ವಾಪಸ್ ಬರುವಾಗ ಅವಳು ಕ್ರಾಫರ್ಡ್‌ಗೆ ಮುಖಕ್ಕೇ ಹೇಳುತ್ತಾಳೆ, ಪೊಲೀಸರು ನಿಮ್ಮನ್ನು ನೋಡಿಯೇ ಹೇಗೆ ನಡೆದುಕೊಳ್ಳಬೇಕು ಅಂತ ತಿಳಿಯುತ್ತಾರೆ ಅಂತ.

ನನಗೆ ತಡೆಯಲಾಗದ ದೃಶ್ಯ ಬೇರೆ. ಅದೇ ಕೊಲೆಗಾರ ಅಪಹರಿಸಿದ ಕ್ಯಾಥರೀನ್‌ಳ ತಾಯಿ ಸೆನೆಟರ್. ಟೀವಿಯಲ್ಲಿ ಮಗಳ ಹೆಸರನ್ನು ಮತ್ತೆ ಮತ್ತೆ ಹೇಳುತ್ತಾಳೆ. ಹೆಸರಿರುವ ಮನುಷ್ಯಳು ಅಂತ ಅನಿಸಿದರೆ ಅವನಿಗೆ ಕೊಲ್ಲುವುದು ಕಷ್ಟವಾಗುತ್ತದೆ ಅನ್ನುವುದು ಲೆಕ್ಕ. ನಾನಾಗಿದ್ದರೂ ಹಾಗೇ ಕೂಗುತ್ತಿದ್ದೆ.

ಕ್ಯಾಥರೀನ್ ಸಿಕ್ಕಿಬೀಳುವುದು ಸಹಾಯ ಮಾಡಲು ಹೋಗಿ. ಅವನು ಕೈಗೆ ಪ್ಲಾಸ್ಟರ್ ಹಾಕಿಕೊಂಡು ವ್ಯಾನಿಗೆ ಸಾಮಾನು ಏರಿಸಲು ಒದ್ದಾಡುವ ಹಾಗೆ ನಟಿಸುತ್ತಾನೆ. ಟೆಡ್ ಬಂಡಿ ಅನ್ನುವ ನಿಜವಾದ ಕೊಲೆಗಾರನೂ ಇದೇ ಉಪಾಯ ಮಾಡುತ್ತಿದ್ದ. ಯಾರಿಗೂ ಸಹಾಯ ಮಾಡಬೇಡ ಅಂತ ನಾನು ಹೇಳುವುದಿಲ್ಲ, ನೀನು ಕೇಳುವವಳೂ ಅಲ್ಲ. ಗಾಡಿಯ ಹೊರಗೇ ನಿಂತು ಮಾಡು, ಇನ್ನೊಬ್ಬರನ್ನು ಕೂಗಿ ಕರೆ. ಅಷ್ಟು ಸಾಕು.

ನಿನ್ನ ಗೆಳತಿ ಕೊಲೆಗಾರನನ್ನು ಹೆಣ್ಣಾಗಬಯಸುವವನ ಹಾಗೆ ತೋರಿಸಿದ ರೀತಿ ಸರಿಯಿಲ್ಲ ಅಂದಳಂತೆ. ಅವಳ ಮಾತು ನಿಜ. ಅವನು ಟ್ರಾನ್ಸ್‌ಜೆಂಡರ್ ಅಲ್ಲ ಅಂತ ಸಂಭಾಷಣೆಯಲ್ಲಿ ಹೇಳಿಸಿದರೂ, ಕಣ್ಣಿಗೆ ಕಂಡ ಚಿತ್ರವೇ ಜನರ ಮನಸ್ಸಿನಲ್ಲಿ ಉಳಿಯಿತು. 1992ರಲ್ಲಿ ಸಿನಿಮಾ ಐದು ದೊಡ್ಡ ಆಸ್ಕರ್ ಗೆದ್ದ ದಿನ ಹೊರಗೆ ಇದರ ವಿರುದ್ಧವೂ ಪ್ರತಿಭಟನೆ ನಡೆದಿತ್ತು. ಇಷ್ಟದ ಸಿನಿಮಾ ಅಂತ ನಾನು ಅದನ್ನು ಸಮರ್ಥಿಸುವುದಿಲ್ಲ.

ಕಾದಂಬರಿ ನನ್ನ ಹತ್ತಿರ ಇದೆ. ಅದರಲ್ಲಿ ಕ್ಲಾರಿಸ್ ಕ್ಯಾಥರೀನ್‌ಳ ಮನೆಯಲ್ಲಿ ಸುಳಿವು ಹುಡುಕುತ್ತಿರುವಾಗ ಆ ತಾಯಿ ಬಂದು ಎದುರು ನಿಲ್ಲುತ್ತಾಳೆ. ಸಿನಿಮಾದಲ್ಲಿ ಅದಿಲ್ಲ, ನನಗೆ ಅದು ದೊಡ್ಡ ಕೊರತೆ. ಹಬ್ಬಕ್ಕೆ ಬಂದಾಗ ಮೊದಲು ಆ ಅಧ್ಯಾಯ ಓದು. ಆಮೇಲೆ ಉಳಿದರ್ಧ ನೋಡಬೇಕೋ ಬೇಡವೋ ನೀನೇ ಹೇಳು. ಗೆಳತಿಯನ್ನೂ ಕರೆದುಕೊಂಡು ಬಾ, ಅವಳ ಹತ್ತಿರ ಮಾತಾಡುವುದಿದೆ.

ನಿನ್ನ
ಅಮ್ಮ