ಕಾಡುಕುದುರೆಗೆ ಉದ್ದ ಜೂಲು ಎಲ್ಲಿಂದ ಬಂತು?

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ವನ್ಯಜೀವಿ ಚಿತ್ರಕಲೆ ಬಗ್ಗೆ ಬಂದ ಬರಹ ಚೆನ್ನಾಗಿತ್ತು. ತಕರಾರಿರುವುದು ಜೊತೆಗೆ ಹಾಕಿದ ಚಿತ್ರದ ಬಗ್ಗೆ. ಅಡಿಯಲ್ಲಿ ‘ಮಂಗೋಲಿಯಾದ ಕಾಡುಕುದುರೆಗಳು’ ಅಂತ ಇತ್ತು. ಚಿತ್ರದಲ್ಲಿ ಗಾಳಿಗೆ ಹಾರುವ ಉದ್ದ ಜೂಲು, ಕಣ್ಣು ಮುಚ್ಚುವಷ್ಟು ಮುಂದಲೆ ಕೂದಲು, ಮಿರಮಿರ ಮಿಂಚುವ ಕಪ್ಪು ಮೈ!

ಮಂಗೋಲಿಯಾದ ಕಾಡುಕುದುರೆ, ಅಂದರೆ ತಾಖಿ, ಹಾಗಿರುವುದಿಲ್ಲ. ಅದರ ಜೂಲು ಗಿಡ್ಡ, ಬೂಟು ಉಜ್ಜುವ ಬ್ರಷ್ಷಿನಂತೆ ನೆಟ್ಟಗೆ ನಿಂತಿರುತ್ತದೆ. ಹಣೆ ಮೇಲೆ ಕೂದಲು ಇಳಿಬೀಳುವುದೇ ಇಲ್ಲ. ಮೈ ಮಾಸಲು ಹಳದಿ, ಹೊಟ್ಟೆ ಕಡೆ ತಿಳಿ. ಮೂತಿ ಬೆಳ್ಳಗೆ, ಮೊಣಕಾಲ ಕೆಳಗೆ ಕಪ್ಪು, ಬೆನ್ನುದ್ದಕ್ಕೂ ಒಂದು ಗೆರೆ. ದಪ್ಪ ಕುತ್ತಿಗೆ, ದೊಡ್ಡ ತಲೆ. ರೇಸ್ ಕುದುರೆ ನೋಡಿದವರಿಗೆ ಇದು ಅಷ್ಟೇನೂ ಅಂದಗಾರ ಅನ್ನಿಸದಿರಬಹುದು. ಅದಕ್ಕೆ ಕುದುರೆಯನ್ನೇ ಬದಲಿಸಿಬಿಡುವುದಾ? ಹುಲಿ ಬರೆಯುವಾಗ ಪಟ್ಟೆ ತಪ್ಪಿದರೆ ಯಾರೂ ಸುಮ್ನೆ ಬಿಡುವುದಿಲ್ಲ, ಅಲ್ವಾ?

ಫ್ರಾನ್ಸಿನ ಲಾಸ್ಕೋ ಗುಹೆಯ ಗೋಡೆ ಮೇಲೆ ಬರೆದ ಕುದುರೆಗಳನ್ನು ನೋಡಿ. ಸುಮಾರು 17,000 ವರ್ಷದ ಹಿಂದಿನವು. ಹಳದಿ ಮೈ, ತಿಳಿ ಹೊಟ್ಟೆ, ನೆಟ್ಟನೆಯ ಕರಿ ಜೂಲು. ಬರೆದವರ ಕೈಯಲ್ಲಿ ಇದ್ದದ್ದು ಬಣ್ಣದ ಮಣ್ಣು ಮತ್ತು ದೀಪ, ಅಷ್ಟೇ. ಆದರೆ ಕುದುರೆಯನ್ನು ಕಣ್ಣಾರೆ ಕಂಡಿದ್ದರು.

ಇನ್ನು ಓಟ. ನಿಮ್ಮ ಚಿತ್ರದಲ್ಲಿ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಇಡೀ ಹಿಂಡು ತೇಲುತ್ತಿದೆ. ಕುದುರೆಯ ನಾಲ್ಕೂ ಗೊರಸು ನೆಲ ಬಿಡುವುದು ಕಾಲುಗಳು ಹೊಟ್ಟೆಯಡಿ ಕೂಡಿಕೊಂಡಾಗ. 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ತೆಗೆದ ಫೋಟೊಗಳಲ್ಲೇ ಇದು ಕಂಡಿತ್ತು. 1821ರಲ್ಲಿ ರೇಸ್ ಚಿತ್ರ ಬರೆದ ಫ್ರಾನ್ಸಿನ ಕಲಾವಿದ ಜೆರಿಕೊ ಕಾಲು ಚಾಚಿಸಿದ್ದರೆ ಮಾಫಿ, ಆಗ ಇಂಥ ಫೋಟೊ ಇರಲಿಲ್ಲ. ಅಷ್ಟಕ್ಕೂ ಯಾವಾಗಲೂ ಓಡಿಸುವುದೇ ಯಾಕೆ? ದಿನದ ಜಾಸ್ತಿ ಹೊತ್ತು ಅವು ಮೇಯುತ್ತವೆ. ತಲೆ ಬಗ್ಗಿಸಿದ ಕುದುರೆಯ ಭುಜದ ಮಡಿಕೆ ಬರೆಯುವುದು ಓಡುವ ಕುದುರೆಗಿಂತ ಕಷ್ಟ. ಮಕ್ಕಳಿಂದ ಬರೆಸಿದವನು ನಾನು, ಗೊತ್ತು.

ಹಾರುವ ಜೂಲೇ ಬೇಕಿದ್ದರೆ ಅಮೆರಿಕದ ಮಸ್ಟಾಂಗ್ ಬರೆಯಲಿ. ಸ್ಪೇನಿನವರು ತಂದ ಸಾಕುಕುದುರೆಗಳ ಸಂತತಿ ಅವು, ಈಗ ಬಯಲಲ್ಲಿ ಸ್ವತಂತ್ರವಾಗಿವೆ. ಹೆಸರು ಸರಿಯಾಗಿ ಹಾಕಿದರೆ ಸಾಕು. ತಾಖಿಯ ಕತೆ ಬೇರೆ. 1969ರಲ್ಲಿ ಗೋಬಿ ಕಡೆ ಕಂಡದ್ದೇ ಕೊನೆ, ಆಮೇಲೆ ಉಳಿದದ್ದು ಮೃಗಾಲಯಗಳಲ್ಲಿ. ಅಲ್ಲಿ ಬೆಳೆಸಿ 1992ರಿಂದ ಮತ್ತೆ ಮಂಗೋಲಿಯಾಕ್ಕೆ ಒಯ್ದರು. ಇಷ್ಟು ಪಾಡುಪಟ್ಟು ಉಳಿಸಿಕೊಂಡ ಪ್ರಾಣಿಯ ಹೆಸರಿನಡಿ ಬೇರೆ ಕುದುರೆಯ ಮುಖ ಬರಬಾರದು. ಮುಂದಿನ ವಾರ ಒಂದು ತಿದ್ದುಪಡಿ ಹಾಕಿ, ಪಕ್ಕದಲ್ಲಿ ತಾಖಿಯ ಫೋಟೊ ಇರಲಿ.

– ನಿವೃತ್ತ ಚಿತ್ರಕಲಾ ಶಿಕ್ಷಕ