ಪೂರ್ಣಾಂಕಗಳನ್ನು ಬೇರೆಯಾಗಿ ಕೂಡಲು ಬಿಡಿ

ಮಾನ್ಯ ಸಂಪಾದಕರೇ,

ಛೇದಗಳು ಬೇರೆ ಬೇರೆಯಾಗಿರುವ ಮಿಶ್ರ ಭಿನ್ನರಾಶಿಗಳನ್ನು ಕೂಡುವ ಮೊದಲು ಅವನ್ನು ವಿಷಮ ಭಿನ್ನರಾಶಿಗಳಾಗಿ (ಅಂಶವು ಛೇದಕ್ಕಿಂತ ದೊಡ್ಡದಾಗಿರುವವು) ಬದಲಿಸಲೇಬೇಕೆಂದು ಕೆಲವು ಶಿಕ್ಷಕರು ಪಟ್ಟು ಹಿಡಿಯುತ್ತಾರೆ. ವಿಧಾನ ತಪ್ಪಲ್ಲ. ಆದರೆ 17 5/12 ಮತ್ತು 23 7/18ರಂಥ ಸಂಖ್ಯೆಗಳು ಬಂದಾಗ ಅಂಶಗಳು 209, 421, ಕೊನೆಗೆ 1469 ಎಂದು ಬೆಳೆಯುತ್ತಾ ಹೋಗಿ, ಮಕ್ಕಳು ಗುಣಾಕಾರದಲ್ಲೇ ಎಡವುತ್ತಾರೆ. ಪೂರ್ಣಾಂಕಗಳನ್ನು ಕೂಡಿ 40 ಎಂದಿಟ್ಟುಕೊಂಡು, 12 ಮತ್ತು 18ರ ಲಘುತಮ ಸಾಮಾನ್ಯ ಅಪವರ್ತ್ಯ (ಲ.ಸಾ.ಅ.) ಆದ 36ನ್ನು ಛೇದವಾಗಿಸಿದರೆ, 15/36 ಮತ್ತು 14/36 ಸೇರಿ ಉತ್ತರ 40 29/36 ಎಂದು ಎರಡೇ ಸಾಲಿನಲ್ಲಿ ಸಿಗುತ್ತದೆ.

ಪಹಣಿ ನೋಡಿ ಜಮೀನಿನ ಲೆಕ್ಕ ಹಾಕುವ ರೈತರು ಮಾಡುವುದೂ ಇದನ್ನೇ. ಎಕರೆಗೆ 40 ಗುಂಟೆಯಾದ್ದರಿಂದ 2 3/4 ಎಕರೆಯೆಂದರೆ 2 ಎಕರೆ 30 ಗುಂಟೆ, 1 2/5 ಎಕರೆಯೆಂದರೆ 1 ಎಕರೆ 16 ಗುಂಟೆ. ಎಕರೆಗೆ ಎಕರೆ, ಗುಂಟೆಗೆ ಗುಂಟೆ ಕೂಡಿದಾಗ ಬರುವ 3 ಎಕರೆ 46 ಗುಂಟೆಯಲ್ಲಿ 40 ಗುಂಟೆ ಇನ್ನೊಂದು ಎಕರೆಯಾಗಿ, ಒಟ್ಟು 4 ಎಕರೆ 6 ಗುಂಟೆ, ಅಂದರೆ 4 3/20 ಎಕರೆ ಆಗುತ್ತದೆ. ಭಿನ್ನರಾಶಿಯ ಮೊತ್ತ ಒಂದನ್ನು ಮೀರಿದಾಗ ಪೂರ್ಣಾಂಕಕ್ಕೆ ದಾಟಿಸುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಉದಾಹರಣೆ ನನಗಂತೂ ಕಂಡಿಲ್ಲ.

ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿ 3/4 ಮತ್ತು 2/5ರ ಮೊತ್ತ 5/9 ಎಂದು ಬರೆಯುವ ಮಗುವಿಗೆ ಕೆಂಪು ಗೀಟು ಎಳೆದರೆ ಸಾಲದು. 30 ಗುಂಟೆಗೆ 16 ಗುಂಟೆ ಸೇರಿಸಿದ ಮೇಲೆ ಜಮೀನು 5/9 ಎಕರೆ, ಅಂದರೆ 23 ಗುಂಟೆಗಿಂತಲೂ ಕಡಿಮೆಯಾದದ್ದು ಹೇಗೆಂದು ಕೇಳಬೇಕು. ಪರೀಕ್ಷೆಯಲ್ಲಿ ವಿಷಮ ಭಿನ್ನರಾಶಿಯಾಗಿಸಿ ಕೂಡುವ, ಪೂರ್ಣಾಂಕಗಳನ್ನು ಬೇರೆಯಾಗಿ ಕೂಡುವ ಎರಡೂ ವಿಧಾನಗಳಿಗೆ ಪೂರ್ಣ ಅಂಕ ನೀಡುವಂತೆ ಶಿಕ್ಷಣ ಇಲಾಖೆ ಮೌಲ್ಯಮಾಪಕರಿಗೆ ಸೂಚಿಸಲಿ.

ಇಂತಿ,
ಒಬ್ಬ ಪೋಷಕ, ತಿಪಟೂರು